ಚಿಕ್ಕಪ್ಪನ ಹಸು ಕನ್ನಡಕ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿಲ್ಲ. ಇಡೀ ಕಡೂರಿನಲ್ಲಿ ಈ ಮಾತನ್ನು ನಂಬುವವನು ನಾನೊಬ್ಬನೇ, ಅದೂ ಕೆಲವು ದಿನ ಮಾತ್ರ! ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ಮನುಷ್ಯ ಮೊಬೈಲ್ ರಿಪೇರಿ ಮಾಡಬೇಕು ತಾನೇ? ಇವರು ಹೆಂಡತಿಯ ಭಯವನ್ನು ರಿಪೇರಿ ಮಾಡಲು ಹೊರಟರು.

ಭಯ ಎಂದರೆ ಹಸುವಿನದು. ಚಿಕ್ಕಮ್ಮನ ತಂಗಿಯ ಮನೆ ಎಮ್ಮೆದೊಡ್ಡಿ ಕಡೆ. ಬಸ್ಸಿಳಿದು ಅಮೃತಮಹಲ್ ದನಗಳು ಮೇಯುವ ಕಾವಲು ಹಾದು ನಡೆಯಬೇಕು. ಹಿಂದೊಮ್ಮೆ ಅಲ್ಲಿ ಉದ್ದ ಕೊಂಬಿನ ಹೋರಿಯೊಂದು ಗಂಡ ಹೆಂಡತಿ ಇಬ್ಬರನ್ನೂ ಅಟ್ಟಿಸಿಕೊಂಡು ಬಂದಿತ್ತು. ಅಂದಿನಿಂದ ಚಿಕ್ಕಮ್ಮ ಆ ದಾರಿ ತುಳಿದಿಲ್ಲ. ಈಗ ತಂಗಿಯ ಮಗಳ ಸೀಮಂತ. ತಾವೇ ಎತ್ತಿ ಆಡಿಸಿದ ಹುಡುಗಿ. ದೊಡ್ಡಮ್ಮನಾಗಿ ಹೋಗದೆ ಹೇಗೆ? ಅದನ್ನೇ ನೆನೆದು ಕಣ್ಣೀರು ಹಾಕಿದರು. ಆಟೋದಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಚಿಕ್ಕಪ್ಪನ ಪ್ರಕಾರ ಅದು ವಿಜ್ಞಾನಕ್ಕೆ ಮಾಡುವ ಅವಮಾನ!

"ದಿನಾ ಸ್ವಲ್ಪ ಸ್ವಲ್ಪ ಹಸು ತೋರಿಸಿದ್ರೆ ಭಯ ತಾನೇ ಇಳೀತದೆ ಕಣೋ," ಎಂದು ನನಗೆ ಹೇಳಿ ಕೆಲಸಕ್ಕೆ ಕೂತರು. ಹಳೇ ಮೊಬೈಲುಗಳಿಂದ ಕಿತ್ತ ಎರಡು ಪುಟ್ಟ ಸ್ಕ್ರೀನು, ಎರಡು ಭೂತಗನ್ನಡಿ, ಒಂದು ಒಡೆದ ಹೆಲ್ಮೆಟ್ಟು, ತಲೆಗೆ ಬಿಗಿಯಲು ಚಿಕ್ಕಮ್ಮನ ಲಂಗದ ಲಾಡಿ. ಈ ಕನ್ನಡಕ ಹಾಕಿಕೊಂಡರೆ ಕಾವಲಿನ ದನ ಕಣ್ಣೆದುರೇ ಬಂದು ನಿಲ್ಲಬೇಕು. ಒಂದು ಕೋಲಿಗೆ ಕಣ್ಣಿಗೊಂದರಂತೆ ಎರಡು ಮೊಬೈಲ್ ಕಟ್ಟಿಕೊಂಡು ವಿಡಿಯೋ ತೆಗೆದವನು ದನ ಕಾಯುವವನು. ಚಿಕ್ಕಪ್ಪ ಬಸ್ ಸ್ಟಾಪಿನಲ್ಲೇ ನಿಂತು ಕೂಗಿ ಕೂಗಿ ನಿರ್ದೇಶನ ಕೊಟ್ಟರಂತೆ. ಏಕೆಂದು ಆಗ ನಾನು ಕೇಳಲಿಲ್ಲ.

ಮೊದಲ ಪ್ರಯೋಗ ನನ್ನ ಮೇಲೆ. ಎಡಗಣ್ಣಿನ ಸ್ಕ್ರೀನು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಹಸುವಿನ ಮೂತಿ ಒಳಕ್ಕೆ ಹೋಗಿ, ಹಿಂದಿನ ಗುಡ್ಡ ಬಂದು ನನ್ನ ಮೂಗಿಗೆ ತಾಗಿತು. ಬೆಳಗಿನ ತಿಂಡಿ ಅಂಗಳಕ್ಕೆ ಬಂತು.

ಅದನ್ನು ಸರಿಪಡಿಸಿದ ಮೇಲೆ ಸಿಕ್ಕಿದವರು ತರೀಕೆರೆಯಿಂದ ಬಂದಿದ್ದ ಬೀಗರು. ದೈವಭಕ್ತರು, ಪಾಪ. ಹಸು ಕಂಡದ್ದೇ ತಟ್ಟೆಯಲ್ಲಿದ್ದ ಬಾಳೆಹಣ್ಣು ತಡಕಿ, ಸುಲಿದು, ಭಕ್ತಿಯಿಂದ ಮುಂದಕ್ಕೆ ಚಾಚಿದರು. ಎದುರಿಗಿದ್ದದ್ದು ಚಿಕ್ಕಪ್ಪನ ಬಾಯಿ. ಚಿಕ್ಕಪ್ಪ ತಿಂದರು! ಭಕ್ತರ ಮನಸ್ಸು ನೋಯಿಸಬಾರದಂತೆ.

ಚಿಕ್ಕಮ್ಮ ಮೊದಲ ದಿನ ಹಾಕಿಕೊಂಡು, ಕಿರುಚಿ, ಕೈಯಲ್ಲಿದ್ದ ಸೌಟು ಬೀಸಿದರು. ಚಿಕ್ಕಪ್ಪನ ಹಣೆ ಊದಿತು. ಆದರೂ ದಿನ ಬಿಡದೆ ಹಾಕಿಕೊಂಡರು. ಬರಬರುತ್ತಾ ಕನ್ನಡಕದ ಹಸುಗಳಿಗೆ ಹೆಸರಿಟ್ಟರು, ಗದರಿದರು, ಕೊನೆಗೆ ಅವುಗಳ ಎದುರಿಗೇ ಕೂತು ಅವರೆಕಾಯಿ ಸುಲಿದರು.

ಸೀಮಂತದ ದಿನ ಮೂವರೂ ಬಸ್ಸಿಳಿದು ಕಾವಲಿಗೆ ಕಾಲಿಟ್ಟೆವು. ಚಿಕ್ಕಪ್ಪ ಎಂದಿನಂತೆ ಮುಂದೆ. ಮದುವೆಯಾದಾಗಿನಿಂದ ಹೆಂಡತಿಯ ಪಕ್ಕದಲ್ಲಿ ನಡೆದವರಲ್ಲ. ಯಾವಾಗಲೂ ಹತ್ತು ಮಾರು ಮುಂದೆ. ತಿರುವಿನಲ್ಲಿ ನಿಜವಾದ ದನದ ಹಿಂಡು ಎದುರಾಯಿತು. ಚಿಕ್ಕಮ್ಮ ನಿಂತರು, ಉಸಿರೆಳೆದುಕೊಂಡರು, ನಡೆದೇಬಿಟ್ಟರು. ಚಿಕ್ಕಪ್ಪ ನಿಂತವರು ನಿಂತೇ ಇದ್ದರು! ಮುಖ ಬಿಳಚಿಕೊಂಡಿತ್ತು. ಬ್ಯಾಗಿನಿಂದ ಕನ್ನಡಕ ತೆಗೆದು ತಾವೇ ಬಿಗಿದುಕೊಂಡರು.

"ಟೆಸ್ಟಿಂಗ್ ಬಾಕಿ ಐತೆ," ಎಂದರು. ಅದರಲ್ಲಿ ಚಾರ್ಜೇ ಇರಲಿಲ್ಲ, ಒಳಗೆ ಬರೀ ಕತ್ತಲೆ.

ಹೋರಿ ಅಟ್ಟಿಸಿಕೊಂಡು ಬಂದ ದಿನದಿಂದ ಅವರೂ ಹೆದರಿಯೇ ಇದ್ದರೆಂದು ನನಗೆ ಆಗ ಹೊಳೆಯಿತು. ಚಿಕ್ಕಮ್ಮನಿಗೆ ಮೊದಲೇ ಗೊತ್ತಿತ್ತೇನೋ, ನಗಲಿಲ್ಲ. ಹಿಂದಿರುಗಿ ಬಂದು ಅವರ ಕೈ ಹಿಡಿದುಕೊಂಡು ಹೊರಟರು. ಒಡೆದ ಹೆಲ್ಮೆಟ್ಟಿನ ಗಂಡ, ಸೆರಗು ಬಿಗಿದ ಹೆಂಡತಿ. ದನಗಳೇ ಬೆಚ್ಚಿ ದಾರಿ ಬಿಟ್ಟವು!

ತುಸು ದೂರ ಹೋದ ಮೇಲೆ ಕನ್ನಡಕದೊಳಗಿಂದ ದನಿ ಬಂತು. "ದನ ಹೋದ್ವೇನೇ?"

ಹಿಂಡು ಆಗಲೇ ಹಿಂದುಳಿದಿತ್ತು. ಮುಂದೆ ಕಣ್ಣು ಹಾಯುವವರೆಗೂ ಒಂದು ಕರುವೂ ಇರಲಿಲ್ಲ. ಹೇಳಲು ಬಾಯಿ ತೆರೆದ ನನ್ನತ್ತ ತಿರುಗಿ ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟರು. ಅವರ ಕಣ್ಣು ತುಂಬಿತ್ತು.

"ಇಲ್ಲ ಕಣ್ರೀ, ಇನ್ನೂ ಅವೆ. ಕೈ ಬಿಡ್ಬೇಡಿ," ಎಂದು, ತಂಗಿಯ ಮನೆಯ ಬಾಗಿಲವರೆಗೂ ಹಾಗೇ ನಡೆಸಿಕೊಂಡು ಹೋದರು.