ಬಾವಿ ಹಗ್ಗದ ತುದಿಯ ನಾಯಿ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಮನೆಮನೆ ಹೊಕ್ಕು ಹುಡುಕಿದರೂ ನಮ್ಮ ಸೋದರಮಾವನಂಥ ಪುಕ್ಕಲ ನಿಮಗೆ ಸಿಗಲಿಕ್ಕಿಲ್ಲ. ಸಿಕ್ಕರೂ ಅವನು ನಾಯಿ ಸಾಕಿರುವುದಿಲ್ಲ. ನಮ್ಮ ಮಾವನ ಹೆಚ್ಚುಗಾರಿಕೆ ಇರುವುದೇ ಇಲ್ಲಿ! ಈ ಲೋಕದಲ್ಲಿ ಅವನು ಹೆದರುವುದು ನಾಯಿ ಒಂದಕ್ಕೆ. ದಿನಾ ಬೆಳಿಗ್ಗೆ ಅವನು ವಾಕಿಂಗ್ ಕರೆದೊಯ್ಯುವುದೂ ನಾಯಿಯನ್ನೇ.

ಇವನು ಹುಟ್ಟಾ ಹೇಡಿ ಎಂದುಕೊಂಡೀರಿ, ಹಾಗಲ್ಲ. ಶೇಂಗಾ ಹೊಲಕ್ಕೆ ನುಗ್ಗಿದ ಕರಡಿಯನ್ನು ಎಣ್ಣೆ ಡಬ್ಬಿ ಬಡಿದು ಗುಡ್ಡ ಹತ್ತಿಸಿದವನು. ಓಣಿಯಲ್ಲಿ ಹಾವು ಬಂದರೆ ಎಲ್ಲರೂ ಕರೆಯುವುದು ಇವನನ್ನೇ. ಆದರೆ ಕಣ್ಣು ಬಿಟ್ಟು ನಾಲ್ಕು ದಿನವಾದ ನಾಯಿಮರಿಯೊಂದು ಎದುರಿಗೆ ಬಂದರೆ ಸಾಕು, ಯಾರದೋ ಮನೆಯ ಕಟ್ಟೆ ಹತ್ತಿ ನಿಂತು ಆ ಮನೆಯವರ ಕ್ಷೇಮಸಮಾಚಾರ ವಿಚಾರಿಸತೊಡಗುತ್ತಾನೆ. ಮರಿ ಆ ಕಡೆ ಹೋಗುವವರೆಗೆ ವಿಚಾರಣೆ ಮುಗಿಯುವುದಿಲ್ಲ. ಗುರುತಿಲ್ಲದ ಮನೆಯವರಾದರೆ ಅವರ ಬೀಗರ ಕ್ಷೇಮವನ್ನೂ ಕೇಳುತ್ತಾನೆ.

ಇಂಥವನಿಗೆ ದೇವರು ಕೊಟ್ಟ ನೌಕರಿ ಯಾವುದು ಹೇಳಿ? ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡುವುದು! ಚಿಗಟೇರಿ, ಹಲವಾಗಲು ಕಡೆ ಎಷ್ಟೋ ವರ್ಷ ಓಡಾಡಿದ. ಓಣಿಯ ತುದಿಯಲ್ಲೇ ನಿಂತು "ನಾಯಿ ಕಟ್ರಿ" ಎಂದು ಕೂಗುತ್ತಿದ್ದ. ಕಟ್ಟಿದರೆ "ಗಟ್ಟಿ ಕಟ್ಟೀರೇನ್ರಿ?" ಎನ್ನುತ್ತಿದ್ದ. ಗಟ್ಟಿ ಕಟ್ಟಿದ್ದೇವೆ ಎಂದರೆ "ಹಗ್ಗ ಹೊಸಾದೈತೇನ್ರಿ?" ಎಂಬ ಮೂರನೆಯ ಪ್ರಶ್ನೆ ಬರುತ್ತಿತ್ತು. ಈ ಮನುಷ್ಯ ಬಾಗಿಲಿಗೆ ಬರದಿರಲಿ ಎಂದೇ ಕೆಲವರು ನಾಯಿ ಸಾಕಿದರು ಎಂದು ನಾನು ಹೇಳಿದರೆ ಬಂಧುಬಳಗದವರು ನಂಬುವುದಿಲ್ಲ. ಅತ್ತೆ ಮಾತ್ರ ನಂಬುತ್ತಾಳೆ.

ಅತ್ತೆ ಎಂದರೆ ಮಾವನ ಹೆಂಡತಿ. ಹೋದ ವರ್ಷ ಆಕೆಗೆ ಲಕ್ವ ಹೊಡೆದು ಬಲಗಾಲು ಬಿದ್ದುಹೋಯಿತು. ಜೀವ ಉಳಿಯಿತು, ಮಾತು ಉಳಿಯಿತು, ನಾಲಿಗೆಯ ಖಾರವೂ ಉಳಿಯಿತು. ಕಾಲು ಮಾತ್ರ ಎಳೆಯುತ್ತಿತ್ತು. "ದಿನಾ ನಡೀರಿ. ಈಗ ನಡೆದ್ರ ಕಾಲು ತಿರುಗಿ ಬರತೈತಿ. ಈಗ ಕುಂತ್ರಿ ಅಂದ್ರ ಕಾಯಂ ಕುಂತಂಗ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಅತ್ತೆ ಮನೆಗೆ ಬಂದವಳೇ ಕುಂತಳು.

ಕಾರಣ ಆಲಸ್ಯವಲ್ಲ. ನಮ್ಮ ಕಡೆ ರಸ್ತೆಗಿಳಿದವರನ್ನು "ಎಲ್ಲಿಗೆ ಹೊಂಟೀರಿ?" ಎಂದು ಕೇಳದಿದ್ದರೆ ಕೇಳದವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಸಂತೆಗೆ, ಗಿರಣಿಗೆ, ಉಜ್ಜಿನಿ ಜಾತ್ರೆಗೆ, ಏನಾದರೊಂದು ಹೇಳಲೇಬೇಕು. "ಸುಮ್ಮನೆ ನಡೆಯೋಕೆ" ಎಂದರೆ ಅದು ಉತ್ತರವೇ ಅಲ್ಲ. ಗಂಡಸರು ಹಾಗೆಂದರೆ ತಲೆ ಸರಿಯಿಲ್ಲ ಎನ್ನುತ್ತಾರೆ, ಹೆಂಗಸರು ಹಾಗೆಂದರೆ ಏನನ್ನುತ್ತಾರೋ ನಾನು ಬರೆಯಲಾರೆ.

"ಕಾಲು ಎಳಕೋತ ಓಣಿ ತುಂಬ ತಿರುಗ್ಲೇನ? ಕುಂಟಿಗೆ ಯಾಕ ಬೇಕಿತ್ತು ಈ ಸಡಗರ ಅಂತಾರ. ನಾ ಒಲ್ಲೆ" ಎಂದಳು ಅತ್ತೆ.

ಮಾವ ಬೇಡಿಕೊಂಡ, ಬೈದ, ಊಟ ಬಿಟ್ಟ. ಆಮೇಲೆ ಉಂಡ. ನಾವೆಲ್ಲ ಸೇರಿ ಏನು ಮಾಡೋಣ ಎಂದು ಯೋಚಿಸುತ್ತಿರುವಾಗ ಒಂದು ದಿನ "ನಾಯಿ ತರ್ತೀನಿ" ಎಂದ. ಹೆಂಡತಿಯ ಕಾಲು ಬಿದ್ದರೆ ಗಂಡನ ಬುದ್ಧಿ ಬೀಳುತ್ತದೆಂದು ಯಾವ ಡಾಕ್ಟರೂ ನಮಗೆ ಹೇಳಿರಲಿಲ್ಲ.

ಆಮೇಲೆ ನಡೆದದ್ದು ಹೆಣ್ಣು ನೋಡುವ ಶಾಸ್ತ್ರ! ಕೊಟ್ಟೂರು ಆಯಿತು, ಹಗರಿಬೊಮ್ಮನಹಳ್ಳಿ ಆಯಿತು, ಹಡಗಲಿ ಆಯಿತು. ಕೊಟ್ಟೂರಿನದು ಬೊಗಳಿತಂತೆ, ಬೇಡ. ಹಗರಿಬೊಮ್ಮನಹಳ್ಳಿಯದು ಬೊಗಳಲಿಲ್ಲವಂತೆ, ಆದರೆ ದಿಟ್ಟಿಸಿ ನೋಡಿತಂತೆ, ಬೇಡ. ಹಡಗಲಿಯದು ಬಾಲ ಅಲ್ಲಾಡಿಸಿತು, ಅಷ್ಟು ಸಲಿಗೆ ಒಳ್ಳೆಯದಲ್ಲವಂತೆ. ಕೊನೆಗೆ ಹರಪನಹಳ್ಳಿಯ ಹಳೆಯ ಸ್ನೇಹಿತನ ಮನೆಯಲ್ಲಿ ಒಂದು ಮುದಿ ನಾಯಿ ಕಣ್ಣಿಗೆ ಬಿತ್ತು.

"ಹಲ್ಲು ಎಷ್ಟದಾವಪಾ?" ಎಂದು ಮಾವ ಗೇಟಿನ ಹೊರಗೆ ನಿಂತೇ ಕೇಳಿದ.

"ಹಲ್ಲೇ ಇಲ್ಲ ಮಾರಾಯ. ರೊಟ್ಟಿ ನೆನೆಸಿ ಹಾಕ್ತೀವಿ."

"ಒಂದೂ ಇಲ್ಲ?"

"ಬೇಕಾದ್ರೆ ಬಾಯಾಗೆ ಕೈ ಹಾಕಿ ನೋಡ್ಕ."

ಮಾವ ಸ್ನೇಹಿತನ ಮಾತನ್ನೇ ನಂಬಿದ. ನಾಯಿ ಟಂಟಂ ಗಾಡಿಯ ಹಿಂದಿನ ಸೀಟಿನಲ್ಲಿ ಒಂದೇ ಕುಳಿತು ಬಂತು. ಮಾವ ಬಸ್ಸಿನಲ್ಲಿ ಬಂದ.

ಹಲ್ಲಿಲ್ಲದ ನಾಯಿಗೆ ಇವನು ತೋರುವ ಮರ್ಯಾದೆಯನ್ನು ನೀವು ನೋಡಬೇಕು. ತಟ್ಟೆಯನ್ನು ಬಿದಿರು ಕೋಲಿನಿಂದ ಮುಂದೆ ತಳ್ಳಿ, "ಉಣ್ರಿ, ಆರ್ತೈತಿ" ಎನ್ನುತ್ತಾನೆ. ಅದು ಬಾಗಿಲಿಗೆ ಅಡ್ಡ ಮಲಗಿದರೆ "ಒಂಚೂರು ಸರೀರಲ್ಲ" ಎಂದು ಒಳಗಿನಿಂದಲೇ ಅರ್ಜಿ ಹಾಕುತ್ತಾನೆ. ಅದು ಸರಿಯದಿದ್ದರೆ ಹಿತ್ತಲ ಬಾಗಿಲಿನಿಂದ ಸುತ್ತಿ ಬರುತ್ತಾನೆ.

"ಮದುವಿ ಆದಾಗಿಂದ ನನಗ ಒಂದಿನ ಉಣ್ಣು ಅಂದಿಲ್ಲ. ನನಗ ಲೇ, ಅದಕ್ಕ ರೀ" ಎಂದಳು ಅತ್ತೆ.

"ನೀ ಎಲ್ಲಿ ಕಚ್ಚತೀಯಲೇ?" ಎಂದ ಮಾವ.

ಇನ್ನು ವಾಕಿಂಗ್. ಊರಾಚೆ ಗುಡ್ಡದ ಬುಡದಲ್ಲಿ ಅರಣ್ಯದವರದೊಂದು ಕಾಡಿದೆ. ಕಾಡು ಎಂದ ಕೂಡಲೇ ಆಕಾಶ ಮುಚ್ಚುವ ಮರಗಳನ್ನು ಕಲ್ಪಿಸಿಕೊಂಡರೆ ನೀವು ನಮ್ಮ ಸೀಮೆಯವರಲ್ಲ. ಬೇವು, ಹೊಂಗೆ, ಕಮರದ ಮರಗಳು, ನಡುವೆ ಒಂದು ಮಟ್ಟಸವಾದ ಕಾಲುದಾರಿ, ಅದರ ಮೇಲೆ ಧಾರಾಳ ನೆರಳು. ಈ ಬಿಸಿಲಿನ ರಾಜ್ಯದಲ್ಲಿ ನೆರಳು ಸಿಕ್ಕರೆ ಅದೇ ಮಲೆನಾಡು. ಹಾಲು ತುಂಬಿದ ಲೋಟ ಹಿಡಿದು ಹೊರಟರೂ ತುಳುಕದೆ ಆ ತುದಿ ಮುಟ್ಟಬಹುದು, ಅಂಥ ಸಲೀಸಾದ ದಾರಿ. ಮಾವ ಅದನ್ನೇ ಆರಿಸಿದ್ದ.

ಮೊದಲ ದಿನ ಅವನು ನಾಯಿಗೆ ಕಟ್ಟಿದ್ದು ಬಾವಿ ಸೇದುವ ಹಗ್ಗ. ನಾಯಿ ಈ ಮರದ ಹತ್ತಿರ, ಮಾವ ಆರು ಮರಗಳ ಹಿಂದೆ. ಹಗ್ಗ ಹೊಂಗೆ ಮರಕ್ಕೆ ಸುತ್ತಿಕೊಂಡಿತು. ಬಿಡಿಸಲು ನಾಯಿಯ ಹತ್ತಿರ ಹೋಗಬೇಕಲ್ಲ! ಮಾವ ಅಲ್ಲೇ ನಿಂತು "ನೀವ ಒಂದು ಸುತ್ತು ಹಿಂದಕ್ಕ ಬರ್ರಿ" ಎಂದು ನಾಯಿಗೆ ದಾರಿ ತಿಳಿಸಿಹೇಳಿದ. ಇಬ್ಬರೂ ಬಿಸಿಲೇರುವವರೆಗೆ ಅಲ್ಲೇ ನಿಂತಿದ್ದರೆಂದು ದನ ಕಾಯುವವರು ಬಂದು ಮನೆಗೆ ಸುದ್ದಿ ಮುಟ್ಟಿಸಿದರು.

ಮರುದಿನ ಅತ್ತೆ ಕೋಲೂರಿಕೊಂಡು ಎದ್ದಳು. "ಊರ ಮುಂದ ಮಾನ ಕಳಿಯಾಕ ಹುಟ್ಟ್ಯಾನ. ಕೊಡ್ರಿ ಇಲ್ಲಿ ಹಗ್ಗ" ಎಂದು ನಾಯಿಯ ಕೊರಳ ಬಳಿ ಹಿಡಿದು ಕಾಲೆಳೆಯುತ್ತ ಹೊರಟಳು. ಓಣಿಯಲ್ಲಿ ಯಾರೋ "ಎಲ್ಲಿಗೆ ಹೊಂಟೀರಿ ಅಕ್ಕಾರ?" ಎಂದರು. "ಇವರ ನಾಯಿ ಅಡ್ಡಾಡ್ಸಾಕ. ಇವರಿಗೆ ಬರಂಗಿಲ್ಲ ನೋಡ್ರಿ" ಎಂದಳು. ಕೇಳಿದವರು ಪಾಪ ಎಂದರು. ಆ ಪಾಪ ಅತ್ತೆಯ ಕಾಲಿಗಲ್ಲ, ಅಂಥ ಗಂಡನನ್ನು ಕಟ್ಟಿಕೊಂಡದ್ದಕ್ಕೆ. ಅತ್ತೆಗೆ ಅದು ಸಮ್ಮತವಾಗಿತ್ತು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ.

ಮಾವ ಹಗ್ಗದ ಹಿಂದಿನ ತುದಿ ಮಾತ್ರ ಬಿಡಲಿಲ್ಲ. ಮುಂದೆ ನಾಯಿ, ಪಕ್ಕದಲ್ಲಿ ಅತ್ತೆ, ಬಹಳ ಹಿಂದೆ ಯಜಮಾನರು. ಒಮ್ಮೆ ಕಾಡಿನ ಕಾವಲುಗಾರನಿಗೆ ಈ ತುದಿಯಷ್ಟೇ ಕಂಡಿತು.

"ಹಗ್ಗ ಹಿಡಕೊಂಡು ಏನ್ ಮಾಡಾಕ ಹತ್ತೀರಿ?"

"ನಾಯಿ ಅಡ್ಡಾಡ್ಸಾಕ ಹತ್ತೀನ್ರಿ."

"ನಾಯಿ ಎಲ್ಲೈತಿ?"

"ಮುಂದಿನ ತಿರುವಿನ್ಯಾಗ ಅದಾರ."

"ಹುಷಾರ್ರಿ, ಈ ಕಡಿ ಕರಡಿ ಬರತಾವ."

"ಕರಡಿ ಬಂದ್ರ ಬರ್ಲಿ ಬಿಡ್ರಿ, ಏನರ ಮಾಡಬಹುದು. ಈ ನಾಯಿ ಬಿಚ್ಚಿಕೊಂಡ್ರ ಏನ್ ಮಾಡ್ಲಿ ಹೇಳ್ರಿ" ಎಂದನಂತೆ.

ನಾನು ಒಮ್ಮೆ ಕೇಳಿಯೇ ಬಿಟ್ಟೆ. "ಮಾವ, ಅತ್ತಿ ಅಡ್ಡಾಡಾಕ ಒಂದು ನೆವ ಬೇಕಿತ್ತು, ಖರೆ. ಅದಕ್ಕ ನಾಯೇ ಆಗಬೇಕಿತ್ತೇನು? ಆಡು ತಂದಿದ್ರ ಹಾಲಾರ ಸಿಗ್ತಿತ್ತು."

"ಆಡು ನಿಂತಲ್ಲೇ ಮೇಯ್ಕೋತ ನಿಂದ್ರತೈತಿ. ಇಕಿ ನಡೀಬೇಕಲ್ಲ" ಎಂದ. ಆ ಹೊತ್ತಿಗೆ ನಾಯಿ ಕೆಮ್ಮಿತು. ಮಾವ ಕಟ್ಟೆ ಹತ್ತಿದ. ಇಂಥವನನ್ನು ಮೆಚ್ಚುವುದಾದರೂ ಹೇಗೆ?

ಹೋದ ಭಾನುವಾರ ನಾನೂ ಜೊತೆಗೆ ಹೋದೆ. ಮೆಚ್ಚಲು ಅಲ್ಲ, ಮೊಬೈಲಿನಲ್ಲಿ ಇವನ ಮೆರವಣಿಗೆ ಚಿತ್ರಿಸಿಕೊಂಡು ನಮ್ಮ ಬಳಗದ ಗುಂಪಿಗೆ ಹಾಕಲು. ನೆರಳು ತಂಪಾಗಿತ್ತು. ಅತ್ತೆ ಕೋಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು, ಅದೇ ಮೊದಲ ಸಲ. ಕಾಲು ಎಳೆಯುವುದು ಅರ್ಧದಷ್ಟು ಕಡಿಮೆಯಾಗಿತ್ತು. ನಾನು ಮಾವನ ಕಡೆ ಮೊಬೈಲು ಹಿಡಿದು ನಗುತ್ತಿದ್ದೆ. ಅಷ್ಟರಲ್ಲಿ ಮುಂದಿನಿಂದ ಧಪ್ಪೆಂಬ ಸದ್ದು ಬಂತು.

ಅತ್ತೆ ಬಿದ್ದಿದ್ದಳು. ಬೇರು ತಾಗಿತ್ತೋ, ಕಾಲು ಕೈಕೊಟ್ಟಿತ್ತೋ ಗೊತ್ತಿಲ್ಲ. ನಾನು ಓಡಿದೆ. ನಾಯಿ ಅವಳ ತೊಡೆಗೆ ಅಡ್ಡವಾಗಿ ನಿಂತು ಗುರ್ರೆಂದಿತು. ಅದು ಗುರುಗುಟ್ಟಿದ್ದನ್ನು ನಾವು ಅಂದೇ ಕೇಳಿದ್ದು. ಹಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಬಲಗಾಲೇ ಮಡಚೈತಿ. ಇನ್ನ ಮುಗೀತು ಬಿಡ್ರಿ ಈ ಕಾಲಿಂದು" ಎಂದಳು ಅತ್ತೆ. ಅಂಥ ಬಾಯಿಯ ಅತ್ತೆ ಅಳುತ್ತಿದ್ದಳು.

ಮಾವ ನನ್ನ ಪಕ್ಕದಿಂದ ಹಾದು ಹೋದ. ಮುಖದಲ್ಲಿ ರಕ್ತವೇ ಇರಲಿಲ್ಲ. ನಾಯಿಯ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಮೊಣಕಾಲೂರಿ ಕುಳಿತ. ಕಣ್ಣು ಗಟ್ಟಿಯಾಗಿ ಮುಚ್ಚಿದ. ಅದರ ಬಾಯಿಯ ಕೆಳಗಿನಿಂದಲೇ ಎರಡೂ ಕೈ ತೂರಿಸಿ ಅತ್ತೆಯ ತೋಳು ಹುಡುಕಿದ. ನಾಯಿ ಅವನ ಕೆನ್ನೆ ಮೂಸಿತು, ಕಿವಿ ನೆಕ್ಕಿತು. ಮೈಯೆಲ್ಲ ನಡುಗುತ್ತಿದ್ದರೂ ಕೈ ಹಿಂದೆ ತೆಗೆಯಲಿಲ್ಲ. ನಾನು ಮೊಬೈಲು ಕೆಳಗಿಳಿಸಿದೆ.

"ಕೈ ಥರಥರ ನಡಗಾಕ ಹತ್ತ್ಯಾವಲ್ರಿ" ಎಂದಳು ಅತ್ತೆ.

"ನಡಗಲಿ ಬಿಡು. ನೀ ಗಟ್ಟಿ ಹಿಡಕೋ."

ಅತ್ತೆ ಹಿಡಿದುಕೊಂಡಳು. ಒಂದು ಸಲ ಕುಸಿದಳು, ಮತ್ತೆ ಹಿಡಿದುಕೊಂಡಳು. ಆಮೇಲೆ ಬಲಗಾಲನ್ನು ಮೆಲ್ಲಗೆ ನೆಲಕ್ಕೆ ಊರಿ, ಅದರ ಮೇಲೆ ಭಾರ ಬಿಟ್ಟು ಎದ್ದು ನಿಂತಳು. ಮಾವ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ನಿಂತಿಯೇನು?" ಎಂದು ಕೇಳಿದ.