ಮಾವನ ಬನೀನಿನ ಬಲಗಡೆ

ಮೊಬೈಲ್ ಸುರಕ್ಷತೆಯ ವಿಷಯದಲ್ಲಿ ಅರಸೀಕೆರೆ ತಾಲ್ಲೂಕಿನಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಫೋನ್ ಕಿವಿಗಿಟ್ಟರೆ ಸ್ಕೂಟರ್ ನಿಲ್ಲಿಸಿ, ಹೋಗಿ ಬುದ್ಧಿ ಹೇಳಿ ಬರುತ್ತಿದ್ದೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬುದ್ಧಿ ಹೇಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ.

ಹೀಗಿರುವಾಗ ಹಾರನಹಳ್ಳಿಯ ನಮ್ಮ ಮಾವ, ಅಂದರೆ ನನ್ನ ಹೆಂಡತಿ ಗಿರಿಜಳ ತಂದೆ, ಕೊಬ್ಬರಿ ವ್ಯಾಪಾರದ ರುದ್ರಪ್ಪನವರು ಎರಡು ಸಲ ತಲೆತಿರುಗಿ ಬಿದ್ದರು. ಹಾಸನದಲ್ಲಿ ಎದೆಯ ಎಡಗಡೆ ಚರ್ಮದೊಳಗೆ ಪೇಸ್‌ಮೇಕರ್ ಕೂರಿಸಿದರು. ಫೋನನ್ನು ಬಲಗಿವಿಗೆ ಹಿಡಿಯಬೇಕು, ಯಂತ್ರದಿಂದ ಒಂದು ಗೇಣು ದೂರ ಇಡಬೇಕು, ಎಡಜೇಬಿಗೆ ಹಾಕಲೇಬಾರದು, ಅಯಸ್ಕಾಂತ ಹತ್ತಿರ ತರಬಾರದು ಎಂದರು ಡಾಕ್ಟರು. ಎಲ್ಲ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದೆ.

ಸಂತೆಯ ಜೇಬುಗಳ್ಳರಿಗೆ ಹೆದರಿ ಮಾವ ತಮ್ಮ ಬನೀನುಗಳಿಗೇ ಒಳಜೇಬು ಹೊಲಿಸಿಕೊಂಡಿದ್ದರು. ಫೋನೂ ಅದರಲ್ಲೇ ಇರುತ್ತಿತ್ತು. ಅವರು ಆಸ್ಪತ್ರೆಯಲ್ಲಿದ್ದಾಗ ಆರೂ ಬನೀನುಗಳನ್ನು ಮಂಚದ ಮೇಲೆ ಹರಡಿ ಪರಿಶೀಲಿಸಿದೆ. ಆರರಲ್ಲೂ ಜೇಬು ಎಡಗಡೆ! ಕೂಡಲೇ ಟೈಲರ್ ಬಳಿಗೆ ಓಡಿದೆ.

"ಜೇಬು ಬಿಚ್ಚಿ ಈ ಕಡೆಗೆ ಹೊಲಿಯಪ್ಪ," ಎಂದು ಬನೀನನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

"ಈಗ ಇರೋದೇ ಸರಿಯಾಗೈತಲ್ಲ ಸಾ," ಎಂದ ಅವನು.

"ಇದು ವೈಜ್ಞಾನಿಕ ವಿಷಯ. ನಿನಗೆ ಅರ್ಥವಾಗೋದಿಲ್ಲ, ಹೊಲಿ," ಎಂದೆ. ಅವನು ಹೊಲಿದ.

ಜೊತೆಗೆ ಮಾವನ ಫೋನಿಗೆ ಮುಚ್ಚಳವಿರುವ ಒಳ್ಳೆಯ ಕವರನ್ನೂ ತಂದುಕೊಟ್ಟೆ. ಮುಚ್ಚಿದರೆ ಟಪ್ಪೆಂದು ಕಚ್ಚಿಕೊಳ್ಳುತ್ತಿತ್ತು. ಅದು ಯಾಕೆ ಕಚ್ಚಿಕೊಳ್ಳುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಯೋಚಿಸಲಿಲ್ಲ.

ಮಾವ ಮನೆಗೆ ಬಂದು ತಿಂಗಳಾಗಿತ್ತು. ಗಾಯ ಮಾಗಿತು ಎಂದು ಡಾಕ್ಟರು ಹೇಳಿದ ಮೇಲೆಯೇ ಅವರು ಮತ್ತೆ ಬನೀನು ತೊಟ್ಟು ಫೋನ್ ಜೇಬಿಗಿಟ್ಟರು. ಅದಾದ ಐದನೆಯ ದಿನ ಮಾದಿಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣ. ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಮಾವ ಎಲೆಯ ಮೇಲೆ ವಾಲಿದರು. ತುಟಿ ಬೆಳ್ಳಗಾಗಿತ್ತು. ಯಾರೋ ಅಜ್ಜಿ, "ಬಾಯಿಗೆ ನೀರು ಬಿಡ್ರಪ್ಪಾ, ಮಗಳು ಇಲ್ಲೇ ಅವ್ಳೆ," ಎಂದರು. ಗಿರಿಜ ಆ ಅಜ್ಜಿಯನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಬೇಲೂರಿಗೆ ಹೊರಟೆವು. ಅಂಥ ಹೊತ್ತಿನಲ್ಲೂ ನಾನು ನಿಯಮ ಮರೆಯಲಿಲ್ಲ. ಕಾರಿನಲ್ಲಿದ್ದವರೆಲ್ಲರ ಫೋನ್ ಆಫ್ ಮಾಡಿಸಿದೆ. ಗಿರಿಜ ಅಪ್ಪನ ಕೈ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ತಾಯಿ ಹೋದ ಮೇಲೆ ಅವಳಿಗಿದ್ದವರು ಅವರೊಬ್ಬರೇ. ನನಗೆ ಬಹಳ ಹೆದರಿಕೆಯಾಗಿತ್ತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಾವನ ಕೈಕಾಲಿಗೆ ತಂತಿ ಹಚ್ಚಿ, ಯಂತ್ರದಲ್ಲಿ ಓಡುವ ಗೆರೆ ನೋಡಿ ಹುಬ್ಬು ಗಂಟಿಕ್ಕಿದರು. ಆಗ ಮಾವನ ಎದೆಯ ಮೇಲೆ ಫೋನ್ ರಿಂಗಾಯಿತು. ಹೋದರೋ ಇದ್ದಾರೋ ಎಂದು ಕೇಳಲು ಮಾದಿಹಳ್ಳಿಯಿಂದ ಮಾಡಿದ್ದರು. ಎಲ್ಲರ ಫೋನ್ ಆಫ್ ಮಾಡಿಸಿದವನು ಇದೊಂದನ್ನು ಮರೆತಿದ್ದೆ.

ಡಾಕ್ಟರಮ್ಮ ಬನೀನಿನೊಳಗಿಂದ ಫೋನ್ ತೆಗೆದು ದೂರ ಇಟ್ಟರು. ಗೆರೆಯ ಓಟ ಬದಲಾಯಿತು. ಸ್ವಲ್ಪ ಹೊತ್ತಿಗೆ ಮಾವನ ಮುಖಕ್ಕೆ ಬಣ್ಣ ಬಂತು.

"ಈ ಕವರಿನ ಮುಚ್ಚಳದಲ್ಲಿ ಅಯಸ್ಕಾಂತ ಇದೆ ಕಣ್ರೀ. ಇದು ಮೇಲೇ ಕೂತಿದ್ರೆ ಪೇಸ್‌ಮೇಕರ್ ಅವರ ಎದೆಬಡಿತ ಗಮನಿಸದೆ ತನ್ನ ಪಾಡಿಗೆ ಬಡೀತಾ ಇರುತ್ತೆ, ಎರಡಕ್ಕೂ ತಾಳ ತಪ್ಪಿ ಹೀಗೆ ತಲೆತಿರುಗುತ್ತೆ. ಸರಿಯಾಗಿ ಯಂತ್ರದ ಮೇಲೇ ಜೇಬು ಹೊಲಿಸಿದ ಪುಣ್ಯಾತ್ಮ ಯಾರು?"

ಪುಣ್ಯಾತ್ಮ ಗೋಡೆ ನೋಡುತ್ತಿದ್ದ.

"ಮಂಚದ ಮೇಲೆ ಹರಡಿದ ಬನೀನಲ್ಲಿ ನಿಮಗೆ ಕಾಣೋ ಎಡಗಡೆ, ಹಾಕ್ಕೊಂಡೋರಿಗೆ ಬಲಗಡೆ ಕಣ್ರೀ," ಎಂದಳು ಗಿರಿಜ, ಮೆಲ್ಲಗೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ಅಪ್ಪ ಎಡಚರು. ನಾನು ಕಂಡಾಗಿನಿಂದ ಆ ಜೇಬು ಬಲಗಡೆನೇ ಇತ್ತು."

ಕನ್ನಡಿಯಲ್ಲಿ ಎಡ ಬಲವಾಗುವ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತೇನೆ. ಮಕ್ಕಳಿಗೆ ಅರ್ಥವಾಗದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

"ಜೇಬು ಆ ಕಡೆ ಬಂದದ್ದು ನಿಮಗೆ ಗೊತ್ತಾಗಲಿಲ್ವಾ ಮಾವ?" ಎಂದು ಕೇಳಿದೆ.

"ಗೊತ್ತಾಯ್ತು. ಎದೆನೂ ನಾಕು ದಿನದಿಂದ ಒಂಥರಾ ಆಗ್ತಿತ್ತು."

"ಮತ್ತೆ ಹೇಳಬಾರದಾ?"

"ಅಳಿಯಂದ್ರು ಮಾಡ್ಸವ್ರೆ, ಓದ್ದೋರು. ಹೆಂಗೆ ಎದುರು ಹೇಳಾದು?" ಎಂದರು ಮಾವ. ನನ್ನ ಮರ್ಯಾದೆ ಉಳಿಸಲು ಅವರು ಪ್ರಾಣ ಬಿಡಲು ತಯಾರಾಗಿದ್ದರು. ಉಳಿಸುವಷ್ಟು ಮರ್ಯಾದೆ ನನಗಿತ್ತೇ ಎಂದು ಆ ದಿನ ಮೊದಲ ಬಾರಿಗೆ ಅನುಮಾನ ಬಂತು.

ಜೇಬುಗಳು ಮತ್ತೆ ಹಳೆಯ ಜಾಗಕ್ಕೆ ಹೋದವು. ಟೈಲರ್ ಈ ಸಲ ಸೀಮೆಸುಣ್ಣವನ್ನು ನನ್ನ ಕೈಗೆ ಸಿಗದಂತೆ ಎತ್ತಿಟ್ಟ. ಪ್ರತಿ ಬನೀನಿನ ಒಳಗೂ ಗಿರಿಜ ಅಳಿಸದ ಶಾಯಿಯಲ್ಲಿ ಬರೆದಿದ್ದಾಳೆ: "ಮೇಷ್ಟ್ರು ಮುಟ್ಟಬಾರದು."

ಮಾವನಿಗೆ ಮಾತ್ರ ನನ್ನ ಮೇಲಿನ ನಂಬಿಕೆ ಹೋಗಿಲ್ಲ. ಈಗಲೂ ಫೋನ್ ಬಂದರೆ ಕಿವಿಗಿಟ್ಟುಕೊಂಡು, "ಇದು ಬಲಗಿವಿನೇ ಅಲ್ವಾ ಅಳಿಯಂದ್ರೇ?" ಎಂದು ಕೇಳುತ್ತಾರೆ. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ, ಅವರು ನೋಡುವ ಕಡೆಗೇ ಮುಖ ಮಾಡಿ ನಿಲ್ಲುತ್ತೇನೆ. ನಾನು ಊಟ ಮಾಡುವ ಕೈ ಯಾವುದೆಂದು ಒಮ್ಮೆ ನೋಡಿಕೊಂಡು, ಆಮೇಲೆ ಹೌದು ಎನ್ನುತ್ತೇನೆ.