ಪಿಲ್ಲಲಕೋಡಿಗೊಂದು ಕ್ಯಾಮೆರಾ

ಕರೆಂಟು ಹೋದರೆ ಕುಣಿದಾಡುವವರನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬಳಿದ್ದಾಳೆ. ನನ್ನ ಮಗನ ಮಗಳು! ದೇಶನೂರಿನ ಓಣಿಯೆಲ್ಲ "ಅಯ್ಯೋ, ಹೋತಲ್ಲ!" ಎಂದು ಬೀಸಣಿಗೆ ಹುಡುಕುವಾಗ ಇವಳು "ಹೋತು! ಹೋತು!" ಎಂದು ಮಾಳಿಗೆಗೆ ಓಡುತ್ತಾಳೆ. ಕತ್ತಲಾದರೆ ಚುಕ್ಕಿ ಚೆನ್ನಾಗಿ ಕಾಣುತ್ತವಲ್ಲ, ಅದಕ್ಕೆ. ಕುಡತಿನಿಯಲ್ಲಿ ಕರೆಂಟು ತಯಾರಿಸುವವರ ಮೇಲೆ ಹಲ್ಲು ಮಸೆಯುವವಳು ಇಡೀ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು.

ಈ ಹುಚ್ಚು ಎಲ್ಲಿಗೆ ಮುಟ್ಟಿದೆ ಅಂತೀರಿ? ಕೊಳಗಲ್ಲಿನಿಂದ ಗಂಡಿನ ಕಡೆಯವರು ನೋಡಲು ಬಂದಿದ್ದರು. ಹುಡುಗಿ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರು. ಓದು ಕೇಳುತ್ತಾಳೆ, ಕೆಲಸ ಕೇಳುತ್ತಾಳೆ ಎಂದು ನಾವೆಲ್ಲ ಕಿವಿ ನಿಮಿರಿಸಿ ಕೂತೆವು.

"ನಿಮ್ಮ ಮನಿ ಮುಂದ ಬೀದಿದೀಪ ಐತೇನ್ರಿ?"

ಹುಡುಗನ ಅಪ್ಪ ಎದೆಯುಬ್ಬಿಸಿದ. "ಸಾದಾ ದೀಪ ಅಲ್ಲವ್ವ, ದೊಡ್ಡ ಕಂಬದ್ದು. ರಾತ್ರಿ ಸೂಜಿ ಬಿದ್ರೂ ಕಾಣತೈತಿ!"

"ಹಂಗಾರ ಆಗಿಬರೂದಿಲ್ರಿ" ಎಂದು ಇವಳು ಎದ್ದು ಒಳಗೆ ಹೋದಳು. ಮಂಡಕ್ಕಿ ಒಗ್ಗರಣೆ-ಮಿರ್ಚಿಯ ತಟ್ಟೆ ಹಿಡಿದ ಆ ಮನೆಯವರು, ಪಾಪ, ತಮ್ಮ ಹುಡುಗನಲ್ಲಿ ಏನು ಐಬು ಎಂದು ಇಂದಿಗೂ ಹುಡುಕುತ್ತಿರಬೇಕು!

ನಿಜ ಹೇಳಬೇಕೆಂದರೆ ಈ ಬೆಂಕಿಗೆ ತುಪ್ಪ ಸುರಿದವಳು ನಾನೇ. ನಮ್ಮಮ್ಮ ಗಡಿಯಾಚೆಯ ತೆಲುಗಿನವಳು. ಸಣ್ಣವಳಿದ್ದಾಗ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಆಕಾಶಕ್ಕೆ ಬೆರಳು ಮಾಡಿ, "ಪಿಲ್ಲಲಕೋಡಿ! ಎನ್ನಿ ಪಿಲ್ಲಲು?" ಎನ್ನುತ್ತಿದ್ದಳು. ಮರಿಗಳ ಜೊತೆಗಿನ ಕೋಳಿ ಅದು, ಮರಿ ಎಷ್ಟು, ಎಣಿಸು ಎಂದು. ಹೆಬ್ಬೆರಳಿನಷ್ಟಗಲದ ಚುಕ್ಕಿಗಳ ಗೊಂಚಲು. ನಾನು ಎಣಿಸಿ ಆರು ಎನ್ನುತ್ತಿದ್ದೆ. ಅಮ್ಮ ನಕ್ಕು "ಏಡು" ಎನ್ನುತ್ತಿದ್ದಳು. ಏಳು. ಪ್ರತಿ ಸಲವೂ ನನ್ನದು ಆರು, ಅವಳದು ಏಳು! ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೇ ಲೆಕ್ಕ ಬರುವುದಿಲ್ಲ ಎಂದುಕೊಂಡೆ. ಆ ಏಳನೆಯದನ್ನು ನಾನು ಕಾಣುವ ಮೊದಲೇ ಅಮ್ಮ ಹೋದಳು. ಈಗಂತೂ ನನ್ನ ಕಣ್ಣಿಗೆ ಪೊರೆ ಬಂದು, ಆರೂ ಹೋಗಿ, ಆಕಾಶವೆಲ್ಲ ಮಜ್ಜಿಗೆಯಾಗಿದೆ.

ಇದನ್ನು ಮೊಮ್ಮಗಳಿಗೆ ಹೇಳಿದೆ. ತೆಲುಗಿನ ಮಾತನ್ನು ಬಿಡಿಸಿ ಹೇಳುವುದರೊಳಗೆ ಅವಳು ಎದ್ದು ನಿಂತಾಗಿತ್ತು. "ಅಜ್ಜಿ, ಆ ಏಳನೇದು ನಾ ಫೋಟೋದಾಗ ಹಿಡಕೊಂಡು ಬರತೀನಿ. ನೀ ಕೈಯಿಟ್ಟು ಎಣಿಸುವಿಯಂತ!" ಮಾತು ಮುಗಿಯುವ ತನಕ ಕೂತು ಕೇಳುವ ಜಾಯಮಾನವೇ ಅವಳದಲ್ಲ.

ಮೊದಲು ಮೊಬೈಲಿನಲ್ಲೇ ಯತ್ನ ನಡೆಯಿತು. ಗೆಳತಿಯ ಜೊತೆ ಕುರುಗೋಡಿನ ಗುಡ್ಡ ಹತ್ತಿ, ಕಲ್ಲಿನ ಮೇಲೆ ಕಲ್ಲಿಟ್ಟು, ಮೊಬೈಲನ್ನು ಆನಿಸಿ ಫೋಟೋ ಹೊಡೆದು ತಂದಳು. ರೊಟ್ಟಿ ಹಂಚಿನ ತಳದಂತೆ ಕರ್ರಗಿತ್ತು. ಮೂಲೆಯಲ್ಲಿ ಮಾತ್ರ ಒಂದು ಚುಕ್ಕಿ. "ಒಂದಾರ ಸಿಕ್ಕೈತಿ!" ಎಂದು ಮನೆಮಂದಿಗೆಲ್ಲ ತೋರಿಸಿದಳು. ನನ್ನ ಕೈಗೆ ಬಂದಾಗ, ಮಸುಕಾಗಿದೆಯಲ್ಲ ಎಂದು ಸೆರಗಿನಿಂದ ಗಾಜು ಒರೆಸಿದೆ. ಚುಕ್ಕಿ ಹೋಯಿತು! ಜೋಳದ ಹಿಟ್ಟಿನ ಕಣ. ನಕ್ಷತ್ರವನ್ನೇ ಒರೆಸಿ ಹಾಕಿದ ಪಾಪ ನನಗೆ ಬಂತು.

ಆಗ ಶುರುವಾಯಿತು ಕ್ಯಾಮೆರಾದ ಜಪ.

"ಎರಡ ನೋಡಬೇಕು ಅಜ್ಜಿ. ಕಣ್ಣು ಎಷ್ಟು ಅಗಲ ತೆರೀತೈತಿ, ರೆಪ್ಪಿ ಬಡೀಲಾರದ ಎಷ್ಟು ಹೊತ್ತು ಇರತೈತಿ."

"ಅದಕ್ಕ್ಯಾಕ ಕ್ಯಾಮೆರಾ? ನಿಮ್ಮವ್ವನ್ನ ಕರಕೊಂಡು ಹೋಗು. ಸೀರಿ ಅಂಗಡ್ಯಾಗ ಅಕಿ ರೆಪ್ಪಿನ ಬಡಿಯೂದಿಲ್ಲ!"

ಒಳಗೆ ಸೊಸೆ ಪಾತ್ರೆ ಕುಕ್ಕಿದ ಸದ್ದಾಯಿತು.

ಬಳ್ಳಾರಿಗೆ ಹೋದೆವು. ಅಂಗಡಿಯ ಹುಡುಗ ಮೊದಲನೆಯದನ್ನು ಎತ್ತಿ, "ಇದನ್ನ ತಗೋರಿ ಮೇಡಂ, ಮುಖ ಎಷ್ಟು ಕಪ್ಪಿದ್ರೂ ಬೆಳ್ಳಗ ಮಾಡತೈತಿ" ಎಂದ. ಇವಳು, "ಕತ್ತಲಿ ಕತ್ತಲಿ ಆಗೇ ಬರಬೇಕ್ರಿ. ಮತ್ತ ಲೆನ್ಸು ಅಗಲ ಬೇಕು, ಅರ್ಧ ಆಕಾಶ ಹಿಡಿಯುವಂಥಾದ್ದು" ಎಂದಳು. ಒಂದು ಗೂಳಿ ಕಣ್ಣಿನಂಥ ಲೆನ್ಸು ತಂದಿಟ್ಟು ಬೆಲೆ ಹೇಳಿದ. ನನ್ನ ರೆಪ್ಪೆ ಬಡಿಯುವುದು ನಿಂತಿತು! ಇವಳು ಸಿರುಗುಪ್ಪದ ಶಾಲೆಯೊಂದರಲ್ಲಿ ಪಾಠ ಹೇಳಿ ಕೂಡಿಟ್ಟದ್ದು ಆ ಲೆನ್ಸಿನ ಮುಚ್ಚಳಕ್ಕೆ ಸಾಕಾಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಳು. ಕರೆಂಟು ಇದ್ದಾಗಲೂ ಅವಳ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಕಂಡಿರಲಿಲ್ಲ.

ಕೊನೆಗೆ ಸಿರುಗುಪ್ಪದಲ್ಲಿ ಮದುವೆ ಫೋಟೋ ತೆಗೆಯುವವನೊಬ್ಬ ಹಳೆಯ ಕ್ಯಾಮೆರಾ ಮಾರುತ್ತಾನೆ ಎಂದು ಗೊತ್ತಾಯಿತು. ಚೀಲ ಬಿಚ್ಚಿದರೆ ಕ್ಯಾಮೆರಾದ ಜೊತೆ ನಾಲ್ಕು ಅಕ್ಷತೆ ಕಾಳೂ ಉದುರಿದವು. ಶುಭ ಶಕುನ ಎಂದುಕೊಂಡೆ. ಇವಳು ಹಿಂದೆ ಮುಂದೆ ತಿರುಗಿಸಿ ನೋಡಿ, "ಕ್ಯಾಮೆರಾ ಚಲೋ ಐತಿ. ಲೆನ್ಸು ಸಣ್ಣದು. ಇದರಾಗ ಕೋಡಿ ಹಿಡಿಸೂದಿಲ್ಲ ಅಜ್ಜಿ" ಎಂದಳು.

"ಒಂದು ಕೋಳಿಗೆ ಎಷ್ಟು ಜಾಗ ಬೇಕಲೇ?"

"ಯಾವ ಕೋಳಿ?"

"ಪಿಲ್ಲಲಕೋಡಿ ಮತ್ತ! ತೆಲುಗಿನಾಗ ಕೋಡಿ ಅಂದ್ರ ಕೋಳಿ."

ಹುಡುಗಿ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. "ಕೆರಿ ಕೋಡಿ ಅಲ್ಲೇನು? ಮ್ಯಾಲ ಆಕಾಶಗಂಗಿ ಕೋಡಿ ಹರದಂಗ ಹರಿದೈತಿ, ನಿನ್ನ ಏಳು ಚುಕ್ಕಿ ಅದರಾಗ ಅದಾವು ಅಂತ ತಿಳಕೊಂಡೆ! ನಾ ಹುಡುಕಿದ್ದು ಕೋಳಿನಾ?"

ಅರ್ಧ ಊರು ತೆಲುಗು ಮಾತಾಡುವ ಸೀಮೆಯಲ್ಲಿ ಹುಟ್ಟಿ, ಒಂದು ಕೋಳಿ ಹಿಡಿಯಲು ಅರ್ಧ ಆಕಾಶಕ್ಕೆ ಬಲೆ ಕೊಳ್ಳಲು ಹೊರಟಿದ್ದಳು! ಫೋಟೋದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೋಳಿಗಾದ್ರ ಇದ ಲೆನ್ಸು ಬೇಕವ್ವ. ಮದುಮಗಳ ಮೂಗುಬೊಟ್ಟಿನ ಹರಳು ಎಣಿಸಬಹುದು ಇದರಾಗ."

ನಾನು ಅವನ ಕೈಮೇಲೆ ಸೆರಗು ಮುಚ್ಚಿ ಒಳಗೆ ಬೆರಳು ಹಿಡಿದೆ. ಅವನು ಬೆಚ್ಚಿಬಿದ್ದ. "ಏನಮ್ಮಾ ಇದು?"

"ನಮ್ಮ ಯಜಮಾನ್ರು ದನದ ಸಂತ್ಯಾಗ ಎತ್ತಿನ ರೇಟು ಕುದರಸ್ತಿದ್ದದ್ದು ಹಿಂಗ, ಬಟ್ಟಿ ಮರ್ಯಾಗ. ಬೆರಳು ಮಡಚು, ರೇಟು ಹೇಳು."

"ಮುನ್ನೂರು ಮದಿವಿ ಮಾಡೈತಮ್ಮಾ, ಒಮ್ಮಿನೂ ಕೈ ಕೊಟ್ಟಿಲ್ಲ."

"ಮುನ್ನೂರು ಮದಿವಿ ಮಾಡಿದ್ದು ಮುದುಕ ಆಗಿರತೈತಿ. ಇಳಿಸು!"

ಇಳಿಸಿದ. ಆದರೆ ಒಂದು ಕರಾರು ಹಾಕಿದ. "ಈ ಮೇಡಂ ಮದಿವಿ ಆರ್ಡರು ನನಗ ಕೊಡಬೇಕು."

"ಕೊಡತೀನ್ರಿ" ಎಂದಳು ಇವಳು. "ಬೀದಿದೀಪ ಇಲ್ಲದ ಮನಿ ನೀವ ಹುಡುಕಿಕೊಡ್ರಿ!"

ಎಳ್ಳಮವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡೆವು. ಹೊತ್ತು ಮುಳುಗಿದ ಮೇಲೆ ಉಳಿದವರು ಟ್ರ್ಯಾಕ್ಟರು ಹತ್ತಿದರು. ಬತ್ತ ಕೊಯ್ದ ಗದ್ದೆಯಲ್ಲಿ ನಾವಿಬ್ಬರೇ ಉಳಿದೆವು. ಇವಳು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿದಳು. ಅದು ರೆಪ್ಪೆ ಬಡಿಯದೆ ಕೂತಷ್ಟು ಹೊತ್ತು ನಾನೂ ಉಸಿರು ಬಿಗಿಹಿಡಿದೆ. ಆಮೇಲೆ ಲ್ಯಾಪ್‌ಟಾಪ್ ತಂದು ನನ್ನ ಮಡಿಲಲ್ಲಿಟ್ಟು, ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದಳು. ಒಂದೊಂದು ಚುಕ್ಕಿಯೂ ಕಡಲೆ ಕಾಳಿನಷ್ಟು!

ಬೆರಳಿಟ್ಟು ಎಣಿಸಿದೆ. ಒಂದು, ಎರಡು, ಮೂರು... ಆರು. ಅದರ ಪಕ್ಕದಲ್ಲಿ, ಇಷ್ಟು ವರ್ಷ ನನಗೆ ಕಾಣದೆ ಅಮ್ಮನಿಗೊಬ್ಬಳಿಗೇ ಕಾಣುತ್ತಿದ್ದ ಮರಿ. ಅದರಾಚೆಗೆ ಇನ್ನೂ ಎಷ್ಟೋ ಮರಿಗಳು.

"ಯಾಕ ನಿಂತಿ ಅಜ್ಜಿ? ಎಣಿಸು, ಇನ್ನೂ ಭಾಳ ಅದಾವು."

ನನಗೆ ಅಷ್ಟೇ ಸಾಕಾಗಿತ್ತು. ತಲೆಯೆತ್ತಿದೆ. ಮೇಲೆ ನನ್ನ ಕಣ್ಣಿಗೆ ಬರೀ ಮಜ್ಜಿಗೆ. ಆದರೂ ಅತ್ತಲೇ ಮುಖ ಮಾಡಿ, ಅಮ್ಮನೊಂದಿಗೆ ಆಡುತ್ತಿದ್ದ ತೆಲುಗಿನಲ್ಲಿ ಹೇಳಿದೆ:

"ಏಡು, ಅಮ್ಮಾ."